ಪವರ್ ಕಂಡೀಷನರ್ (ಕರೆಂಟ್ ಕ್ಲೀನ್ ಮಾಡಿ ಕೊಡೋ ಡಬ್ಬ) ಹಾಕಿದ್ರೆ ಸ್ಟೀರಿಯೋ ಸೌಂಡ್ ಬದಲಾಗುತ್ತಾ? ಹಾಕಿದೋರು ಹೇಳಿ

ಮೈಸೂರಲ್ಲಿ ಬಾಡಿಗೆ ಮನೆ. ಆಂಪ್ಲಿಫೈಯರ್, ಎರಡು ಬುಕ್‌ಶೆಲ್ಫ್ ಸ್ಪೀಕರ್ ಅಷ್ಟೇ. ಹಾಡು ನಿಂತ ತಕ್ಷಣ ಸ್ಪೀಕರಲ್ಲಿ ಗುಂಯ್ ಅಂತಿರುತ್ತೆ. ಅಂಗಡಿಯವ್ರು 40 ಸಾವಿರದ ಕಂಡೀಷನರ್ ಹಾಕಿಸ್ಕೊಳ್ಳಿ, ಗುಂಯ್ ಹೋಗುತ್ತೆ, ಬೇಸ್ ಕೂಡ ಟೈಟ್ ಆಗುತ್ತೆ ಅಂತಾರೆ. ತಗೊಳ್ಳಲಾ?

— ಸರ್ ದುಡ್ಡು ಕೊಡೋಕೆ ಮುಂಚೆ ಆಂಪ್ ಹಿಂದಿನ ಇನ್‌ಪುಟ್ ವೈರೆಲ್ಲಾ ಕಿತ್ತು ನೋಡಿ. ಗುಂಯ್ ನಿಂತೋದ್ರೆ ಅದು ಹೆಚ್ಚಾಗಿ ಅರ್ಥ್ ಲೂಪ್, ಅಂದ್ರೆ ಎರಡು ಕಡೆ ಅರ್ಥ್ ಸೇರಿ ಸಿಗ್ನಲ್ ವೈರಲ್ಲಿ ಕರೆಂಟ್ ಸುತ್ತೋದು, ಕಂಡೀಷನರ್‌ಗೆ ಅದು ಸಿಗೋದೇ ಇಲ್ಲ. ನಮ್ಮನೇಲಿ ಸೆಟ್ ಟಾಪ್ ಬಾಕ್ಸಿಗೆ ಬರೋ ಡಿಶ್ ಕೇಬಲ್ಲಿಂದ ಬರ್ತಿತ್ತು, ಕೇಬಲ್ ತಿರುಚಿ ಬಿಚ್ಚಿದ ಕ್ಷಣ ಸ್ಪೀಕರ್ ಸೈಲೆಂಟ್, ಆಮೇಲೆ ಬಾಕ್ಸಿಂದ ಆಂಪಿಗೆ ಬರೋ ಆಡಿಯೋ ವೈರ್ ಮಧ್ಯ ಒಂದು ಐಸೊಲೇಟರ್ (ನೇರ ಕನೆಕ್ಷನ್ ಇಲ್ದೆ ಸಿಗ್ನಲ್ ಮಾತ್ರ ದಾಟಿಸೋ ಸಣ್ಣ ಡಬ್ಬಿ) ಹಾಕ್ದೆ ಅಷ್ಟೇ. ಲ್ಯಾಪ್‌ಟಾಪಿಂದ ಹಾಡು ಕೇಳೋದಾದ್ರೆ ಚಾರ್ಜರ್ ತೆಗೆದೂ ನೋಡಿ. ಆದ್ರೆ ಸದ್ದು ಸ್ಪೀಕರಿಂದ ಬರ್ದೆ ಆಂಪ್ ಡಬ್ಬದೊಳಗಿಂದಲೇ ಬರ್ತಿದ್ರೆ ಕಥೆ ಬೇರೆ, ಅದು ಟ್ರಾನ್ಸ್‌ಫಾರ್ಮರ್. ಪಕ್ಕದ್ಮನೇಲಿ ಹೇರ್ ಡ್ರೈಯರ್ ಕಮ್ಮಿ ಹೀಟಲ್ಲಿಟ್ಟು ಓಡಿಸಿದ್ರೂ ಲೈನಲ್ಲಿ ಒಂಚೂರು ಡಿಸಿ ಸೇರ್ಕೊಂಡು ಟೊರಾಯ್ಡ್ (ಉಂಗುರದ ಆಕಾರದ ಟ್ರಾನ್ಸ್‌ಫಾರ್ಮರ್) ಗುರ್ ಅನ್ನುತ್ತೆ. ಅದಕ್ಕೆ ಡಿಸಿ ಬ್ಲಾಕರ್ ಬೇಕು, ಮಾಮೂಲಿ ಫಿಲ್ಟರ್ ಕೆಲಸಕ್ಕೆ ಬರಲ್ಲ.

— ನಮ್ಮ ಕಡೆ ಹೊಲದಾಗ ಪಂಪ್‌ಸೆಟ್ ಚಾಲೂ ಆದ್ರ ಸಾಕ್ರಿ, ವೋಲ್ಟೇಜ್ 230 ಇರೋದು 180ಕ್ಕ ಬರ್ತೈತಿ. ಹಳೇ ಟ್ರಾನ್ಸ್‌ಫಾರ್ಮರ್ ಆಂಪ್ ಆದ್ರ 100 ವ್ಯಾಟಿಂದು 60ರ ಹತ್ರ ಬಂದು ನಿಂದರ್ತೈತಿ, ಜೋರ್ ಹಚ್ಚಿದ್ರ ಒಡದಂಗ ಕೇಳ್ತೈತಿ. ವೋಲ್ಟೇಜ್ ಒಂದೇ ಸಮ ಇಡೋ ಸರ್ವೋ ಸ್ಟೆಬಿಲೈಜರ್ ಹಾಕಿದ್ಮ್ಯಾಲ ಅದು ಸರಿ ಆತು. ಸಣ್ಣಂಗ ಕೇಳುವಾಗ ಏನ್ ಫರಕ್ ಇಲ್ರಿ, ಖರೇನ ಹೇಳ್ತೀನಿ. ನುಣುಪಿಲ್ದ ಚೌಕ ಅಲಿ ಕರೆಂಟ್ ಕೊಡೋ ಸ್ಕ್ವೇರ್ ವೇವ್ ಇನ್ವರ್ಟರ್ ಮ್ಯಾಲ ಮಾತ್ರ ಹಾಡು ಹಚ್ಚಬ್ಯಾಡ್ರಿ.

— ಬಾಡಿಗೆ ಮನೆ ಅಂದ್ರಲ್ಲ, ಮೊದಲು ಎಲೆಕ್ಟ್ರಿಷಿಯನ್ ಕರೆಸಿ ಅರ್ಥಿಂಗ್ ಇದ್ಯಾ ಕೇಳಿ. ಎಷ್ಟೋ ಕಡೆ ಮೂರನೇ ತೂತು ಬರೀ ಶೋಕಿಗೆ 😀 ನ್ಯೂಟ್ರಲ್ಲಿಗೂ ಅರ್ಥಿಗೂ ಮಧ್ಯ ಮೀಟರ್ ಇಟ್ಟಾಗ ಎರಡು ಮೂರು ವೋಲ್ಟ್ ಮೀರಿದ್ರೆ ವೈರಿಂಗ್ ನೋಡಿಸಿ. ಗುಂಯ್ ನಿಲ್ಲಿಸೋಕೆ ಅರ್ಥ್ ಪಿನ್ ಕಿತ್ತಾಕು ಅಂತ ಯಾರಾದ್ರೂ ಹೇಳಿದ್ರೆ ಕೇಳ್ಬೇಡಿ, ಜೀವಕ್ಕೇ ಅಪಾಯ.

— ನನ್ ಹತ್ರ ಕಂಡೀಷನರ್ ಇದೆ. ತಮ್ಮನ್ನ ಕೂರಿಸ್ಕೊಂಡು, ಹೇಳ್ದೆ ಕೇಳ್ದೆ ಪ್ಲಗ್ ಬದಲಾಯಿಸ್ತಾ ಕೇಳಿಸ್ದೆ, ಅವನೂ ಗುರುತು ಹಿಡೀಲಿಲ್ಲ, ಆಮೇಲೆ ಅವನು ಬದಲಾಯಿಸ್ದಾಗ ನಂಗೂ ಆಗ್ಲಿಲ್ಲ. ಆಂಪ್ ಒಳಗೇ ರೆಕ್ಟಿಫೈಯರ್, ದಪ್ಪ ಕೆಪಾಸಿಟರ್ ಎಲ್ಲಾ ಇದ್ದು ಎಸಿನ ಡಿಸಿ ಮಾಡ್ಕೊಳ್ಳುತ್ತೆ, ಇನ್ನೇನ್ ಕ್ಲೀನ್ ಮಾಡೋದು? ಮಳೆಗಾಲದ ಸಿಡಿಲಿಗೆ ಸರ್ಜ್ ಪ್ರೊಟೆಕ್ಷನ್ ಇರ್ಲಿ ಅಂತ ಇಟ್ಕೊಂಡಿದೀನಿ, ಗುಡುಗು ಶುರುವಾದ್ರೆ ಅದರ ಪ್ಲಗ್ಗೂ ಕೀಳ್ತೀನಿ. ಬೇಸ್ ಟೈಟ್ ಆಗ್ಬೇಕಾ, ಸ್ಪೀಕರ್ನ ಗೋಡೆಯಿಂದ ಒಂದಡಿ ಮುಂದಕ್ಕೆಳೀರಿ.

— ಕೇಳಿದೋನು ನಾನೇ. ನಮ್ಮನೇಲೂ ಸೆಟ್ ಟಾಪ್ ಬಾಕ್ಸ್ ಆಂಪಿಗೆ ಸೇರ್ಸಿತ್ತು, ಅದರ ಡಿಶ್ ಕೇಬಲ್ ಬಿಚ್ಚಿದೆ, ಗುಂಯ್ ಹೋಯ್ತು! ಈಗ ಸಣ್ಣಗೆ ಜರ್‍ರ್ ಅಂತ ಒಂದು ಉಳಿದಿದೆ, ಫ್ಯಾನ್ ಆಫ್ ಮಾಡಿದ್ರೆ ಅದೂ ಇಲ್ಲ.

— ಸ್ಟೆಪ್ ಇಲ್ದೆ ನುಣ್ಣಗೆ ತಿರುಗಿಸೋ ಎಲೆಕ್ಟ್ರಾನಿಕ್ ರೆಗ್ಯುಲೇಟರ್ ಇರ್ಬೇಕು, ಫ್ಯಾನ್ ಫುಲ್ ಸ್ಪೀಡಲ್ಲಿಟ್ಟು ನೋಡಿ, ಆಗ ಕಮ್ಮಿಯಾದ್ರೆ ಅದೇ. ಕೆಪಾಸಿಟರ್ ಟೈಪ್ ಹಾಕಿಸ್ಕೊಳ್ಳಿ, ಕೆಲವೇ ನೂರು ರೂಪಾಯಲ್ಲಿ ಮುಗಿಯುತ್ತೆ.