ಸಹಾಯ ಬೇಕು: 500 ರೂಪಾಯಿಯಲ್ಲಿ ಫಸ್ಟ್ ಏಡ್ ಡಬ್ಬಿ

ನಮಸ್ಕಾರ. ನಮ್ಮದು ತೀರ್ಥಹಳ್ಳಿ ಕಡೆ ತೋಟದ ಮನೆ. ಮೊನ್ನೆ ಅಡಿಕೆ ಸುಲಿಯುವಾಗ ಮೆಟ್ಟುಗತ್ತಿ ತಾಗಿ ಅತ್ತಿಗೆಯ ಹೆಬ್ಬೆರಳು ಕೊಯ್ದುಹೋಯಿತು. ಮನೆಯಲ್ಲಿ ಸಿಕ್ಕಿದ್ದು ಅರಿಶಿನ, ಹಳೇ ಪಂಚೆ ಮತ್ತು 2019ರಲ್ಲೇ ಡೇಟ್ ಮುಗಿದ ಮುಲಾಮು!

ಈಗ ಬಿಸ್ಕತ್ತಿನ ಡಬ್ಬಿಯೊಂದನ್ನು ತೊಳೆದು ಒಣಗಿಸಿದ್ದೇನೆ. ಗಾಜ್ ಬಟ್ಟೆ, ಅಂಟುಪಟ್ಟಿ, ಕ್ರೇಪ್ ಬ್ಯಾಂಡೇಜ್, ಬೆಟಾಡಿನ್, ಓಆರ್‌ಎಸ್, ಕತ್ತರಿ, ಕೈಗವಸು ಬರೆದುಕೊಂಡಿದ್ದೇನೆ. ಬಜೆಟ್ 500 ರೂಪಾಯಿ. ರೆಡಿಮೇಡ್ ಕಿಟ್ ಬೇಡ, ಸುಮ್ನೆ ಸಣ್ಣ ಪಟ್ಟಿಗಳೇ ಜಾಸ್ತಿ ಇರುತ್ತವೆ. ಇನ್ನೇನು ಸೇರಿಸಲಿ? ಅಪ್ಪನಿಗೆ ಶುಗರ್ ಇದೆ, ಇದ್ದಕ್ಕಿದ್ದಂತೆ ಇಳಿದರೆ ಅಂತ ಗ್ಲೂಕೋಸ್ ಪುಡಿ ಇಡಬಹುದು ಅಲ್ವಾ? ಮಳೆಗಾಲದ ಥಂಡಿಗೆ ಪಟ್ಟಿ ಮುಗ್ಗದಂತೆ ಏನು ಮಾಡುತ್ತೀರಿ?

ಹಾವು ಕಚ್ಚಿದರೆ ಬಿಗಿಯಾಗಿ ಕಟ್ಟಬಾರದು, ಕೊಯ್ಯಬಾರದು, ಸೀದಾ ಆಸ್ಪತ್ರೆಗೆ ಅಂತ ಗೊತ್ತು. 108 ಬರುವವರೆಗೆ ಕಾಲು ಅಲುಗಾಡದಂತೆ ಇಡಲು ಅಡಿಕೆ ದಬ್ಬೆ ಸಾಕಾ?