ಪುಟ್ಟ, ಆ ಅರ್ತ್ ಪಿನ್ ಕೀಳಬೇಡ

(ನಮ್ಮ ಮನೆಯವರ ವಾಟ್ಸಾಪ್ ಗುಂಪು. ಹಾಸನದ ಭಾವ ಒಂದು ವಿಡಿಯೋ ಫಾರ್ವರ್ಡ್ ಮಾಡಿದ್ದರು: ಮನೆಯಲ್ಲೇ ಕಟ್ಟಿದ 5.1 ಆಂಪ್ (ಆರು ಸ್ಪೀಕರಿನ ಆಂಪ್ಲಿಫೈಯರ್) ಗುಂಯ್ ಅನ್ನುತ್ತಿದ್ದರೆ ಪ್ಲಗ್ಗಿನ ಅರ್ತ್ ಪಿನ್ ಕಿತ್ತುಹಾಕಿ, ಸದ್ದು ಮಾಯ.)

ಹಾಸನ ಭಾವ: ಪುಟ್ಟ, ಇದು ನಿನಗೇ. ನಾನೂ ಹೀಗೇ ಮಾಡಿದ್ದೇನೆ.

ಪುಟ್ಟ: ಥ್ಯಾಂಕ್ಸ್ ಭಾವ. ಮೂರು ದಿನದಿಂದ ತಲೆ ಕೆಟ್ಟುಹೋಗಿದೆ. ಈಗಲೇ ಕೀಳುತ್ತೇನೆ.

ನಾನು: ಪುಟ್ಟ, ಇಕ್ಕಳ ಕೆಳಗಿಡು. ಆ ಪಿನ್ ಮುಟ್ಟಬೇಡ.

ಹಾಸನ ಭಾವ: ಯಾಕೋ? ನಮ್ಮ ಮನೆಯಲ್ಲಿ ಸದ್ದು ಪೂರ್ತಿ ನಿಂತಿತು.

ನಾನು: ನಿಂತಿರಬಹುದು ಭಾವ, ಇಲ್ಲ ಅನ್ನುವುದಿಲ್ಲ. ಕೇಬಲ್ ಟಿವಿ ವಯರಿನ ಹೊರಗಿನ ಜಾಲರಿ ಬೀದಿಯಲ್ಲಿ ಎಲ್ಲೋ ನೆಲ ಸೇರಿರುತ್ತದೆ. ನಿಮ್ಮ ಆಂಪ್ ಪ್ಲಗ್ಗಿನ ಅರ್ತ್ ಪಿನ್ ಮೂಲಕ ಇನ್ನೊಂದು ಕಡೆ ನೆಲ ಸೇರುತ್ತದೆ. ಆ ಎರಡು ನೆಲಕ್ಕೂ ಸ್ವಲ್ಪ ವೋಲ್ಟೇಜ್ ವ್ಯತ್ಯಾಸ ಇರುತ್ತದೆ. ಅದರಿಂದ ಟಿವಿಯಿಂದ ಆಂಪ್‌ಗೆ ಬರುವ ಆರ್‌ಸಿಎ (ಆಡಿಯೋ) ವಯರಿನ ಜಾಲರಿಯಲ್ಲಿ ಕರೆಂಟ್ ಹರಿದಾಗ 50 ಹರ್ಟ್ಸ್ ಗುಂಯ್ ಕೇಳುತ್ತದೆ. ಪಿನ್ ಕಿತ್ತರೆ ಆ ಕರೆಂಟ್ ಹರಿಯುವ ಸುತ್ತು ಕಡಿಯುತ್ತದೆ. ಜೊತೆಗೆ ಆಂಪ್‌ನ ತಗಡಿನ ಡಬ್ಬಕ್ಕಿದ್ದ ಕಾವಲೂ ಹೋಗುತ್ತದೆ. ಮೂರು ಪಿನ್ನಿನಲ್ಲಿ ಅದೊಂದೇ ದಪ್ಪ, ಉದ್ದ ಯಾಕಿದೆ? ಪ್ಲಗ್ ಹಾಕುವಾಗ ಅದೇ ಮೊದಲು ತಾಗಬೇಕು, ಕೀಳುವಾಗ ಅದೇ ಕೊನೆಗೆ ಬಿಡಬೇಕು.

ಹಾಸನ ಭಾವ: ಮನೆಗೆ ಎಂಸಿಬಿ ಇದೆಯಲ್ಲ?

ನಾನು: ಎಂಸಿಬಿ ಸ್ವಿಚ್ ತಾನಾಗಿ ಬೀಳುವುದು ಕರೆಂಟ್ ಜಾಸ್ತಿ ಹರಿದರೆ. ಟ್ರಾನ್ಸ್‌ಫಾರ್ಮರಿನ 230 ವೋಲ್ಟ್ ವಯರು ಡಬ್ಬಕ್ಕೆ ತಾಗಿದರೆ, ಅರ್ತ್ ಇದ್ದಾಗ ಒಮ್ಮೆಲೇ ಭಾರಿ ಕರೆಂಟ್ ಹರಿದು ಅದು ಬೀಳುತ್ತದೆ. ಅರ್ತ್ ಇಲ್ಲದಿದ್ದರೆ ಅದಕ್ಕೆ ಗೊತ್ತೇ ಆಗುವುದಿಲ್ಲ. ಡಬ್ಬ 230 ವೋಲ್ಟ್ ಹೊತ್ತು ಸುಮ್ನೆ ಕೂತಿರುತ್ತದೆ, ಯಾರಾದರೂ ಮುಟ್ಟುವವರೆಗೆ. ಕರೆಂಟ್ ಸೋರಿದರೆ ಬೀಳುವ 30 ಮಿಲಿಆಂಪ್ ಆರ್‌ಸಿಸಿಬಿ ಸ್ವಿಚ್ ಇದ್ದರೆ ಬೀಳುತ್ತದೆ ನಿಜ, ಆದರೆ ಅದೂ ಮೈಗೆ ಶಾಕ್ ಹೊಡೆಯಲು ಶುರುವಾದ ಮೇಲೆ. ಇದು ಓದಿ ಹೇಳುತ್ತಿರುವುದಲ್ಲ. ಹಳೇ ಬಾಡಿಗೆ ಮನೆಯಲ್ಲಿ ಅರ್ತ್ ಇರಲಿಲ್ಲ. ನಾನು ಕಟ್ಟಿದ ಆಂಪ್‌ನಲ್ಲಿ ಮೇನ್ಸ್ ವಯರು ತಗಡಿನ ಅಂಚಿಗೆ ಉಜ್ಜಿ ಉಜ್ಜಿ ಸಿಪ್ಪೆ ಸುಲಿದಿತ್ತು. ಅಮ್ಮ ಒದ್ದೆ ಬಟ್ಟೆಯಲ್ಲಿ ಧೂಳು ಒರೆಸಲು ಹೋದರು.

ಚಿಕ್ಕಿ: ನಾನು ಅಲ್ಲೇ ಇದ್ದೆ. ಅಕ್ಕ ಗೋಡೆಗೆ ಹೋಗಿ ಬಿದ್ದಳು. ಕೈ ಎರಡು ದಿನ ಜೋಮು ಹಿಡಿದಿತ್ತು. ಪುಟ್ಟ, ಅಣ್ಣ ಹೇಳಿದ್ದು ಕೇಳು.

ಪುಟ್ಟ: ಸರಿ ಚಿಕ್ಕಿ, ಮುಟ್ಟಿಲ್ಲ. ಆದರೆ ಅಣ್ಣ, ಈ ಸದ್ದಿಗೆ ಏನು ಮಾಡಲಿ? ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ತಂದ ಆರು ಟಿಡಿಎ 2030ಎ ಆಂಪ್ ಬೋರ್ಡು, 12-0-12 ಟ್ರಾನ್ಸ್‌ಫಾರ್ಮರ್, ಎರಡು 10000 ಮೈಕ್ರೋಫ್ಯಾರಡ್ ಕೆಪಾಸಿಟರ್. ಒಂದೊಂದೇ ಬೋರ್ಡ್ ಹಚ್ಚಿ ನೋಡಿದಾಗ ಸದ್ದೇ ಇರಲಿಲ್ಲ. ಆರೂ ಸೇರಿಸಿ ಡಬ್ಬದಲ್ಲಿ ಕೂರಿಸಿದ ಮೇಲೆ ಶುರು.

ನಾನು: ಮೊದಲು ಸದ್ದು ಎಲ್ಲಿಂದ ಅಂತ ಹುಡುಕೋಣ. ಎರಡು ಹಳೇ ಆರ್‌ಸಿಎ ಪಿನ್ ತೆಗೆದುಕೊ. ನಡುವಿನ ಕಡ್ಡಿಯನ್ನು ಹೊರಗಿನ ಬಳೆಗೆ ಸೀಸ ಹಾಕಿ ಬೆಸೆ. ಆಂಪ್‌ನ ಇನ್‌ಪುಟ್‌ನಿಂದ ಟಿವಿ ವಯರು ಕಿತ್ತು ಆ ಜಾಗಕ್ಕೆ ಇವನ್ನು ಚುಚ್ಚು. ಇನ್‌ಪುಟ್ ಸುಮ್ನೆ ಖಾಲಿ ಬಿಟ್ಟರೆ ಗಾಳಿಯಲ್ಲಿನ ಸದ್ದನ್ನೂ ಹಿಡಿದು ನಿನ್ನನ್ನು ದಾರಿ ತಪ್ಪಿಸುತ್ತದೆ.

ಪುಟ್ಟ: ಮಾಡಿದೆ. ಸಬ್‌ವೂಫರಿನ ಗುಂಯ್ ಹೋಯಿತು! ಆದರೆ ಸಣ್ಣ ಸ್ಪೀಕರುಗಳಲ್ಲಿ ಜೊರ್ರ್ ಅಂತ ಉಳಿದಿದೆ. ವಾಲ್ಯೂಮ್ ಸೊನ್ನೆ ಮಾಡಿದರೂ ಹಾಗೇ.

ನಾನು: ಹಾಗಾದರೆ ನಿನಗಿರುವುದು ಎರಡು ರೋಗ. ಸಬ್‌ನಲ್ಲಿದ್ದ ಗುಂಯ್ ಟಿವಿ ಕಡೆಯಿಂದ ಬಂದ 50 ಹರ್ಟ್ಸ್. ಜೊರ್ರ್ 100 ಹರ್ಟ್ಸ್, ಡಬ್ಬದ ಒಳಗಿನದು. ಪಿನ್ ಕಿತ್ತಿದ್ದರೂ ಅದು ಹೋಗುತ್ತಿರಲಿಲ್ಲ. ಪ್ಲಗ್ ತೆಗೆದು, ಕೆಪಾಸಿಟರಿನ ಚಾರ್ಜ್ ಇಳಿಯಲು ಬಿಟ್ಟು, ಒಳಗಿನ ಫೋಟೋ ಹಾಕು.

ಪುಟ್ಟ: (ಫೋಟೋ)

ನಾನು: ಸಿಕ್ಕಿತು. ಟ್ರಾನ್ಸ್‌ಫಾರ್ಮರಿನ ಸೆಂಟರ್ ಟ್ಯಾಪ್ (12-0-12ರ ನಡುವಿನ ಸೊನ್ನೆ ವಯರು) ಎಡಗಡೆಯ ಬೋಲ್ಟಿಗೆ ಬಂದಿದೆ, ಅಲ್ಲಿಂದ ಕಪ್ಪು ವಯರು ಕೆಪಾಸಿಟರಿಗೆ. ಆಂಪ್ ಬೋರ್ಡುಗಳ ಗ್ರೌಂಡ್ (ಸೊನ್ನೆ ವೋಲ್ಟಿನ ವಯರು) ಕೆಪಾಸಿಟರಿನಿಂದ. ವಾಲ್ಯೂಮ್ ಬೋರ್ಡಿನದು ಮಾತ್ರ ಬೋಲ್ಟಿನಿಂದ. ಅಲ್ವಾ? ಆ ಕಪ್ಪು ವಯರೇ ಕಳ್ಳ. ಕೆಪಾಸಿಟರ್ ಒಂದೇ ಸಮನೆ ಕರೆಂಟ್ ಕುಡಿಯುವುದಿಲ್ಲ, ಸೆಕೆಂಡಿಗೆ 100 ಸಲ ಗುಟುಕು ಗುಟುಕಾಗಿ ಎಳೆಯುತ್ತದೆ. 0.5 ಚದರ ಮಿಲಿಮೀಟರ್ ವಯರು ಅರ್ಧ ಅಡಿ ಅಂದರೆ ಸುಮಾರು 5 ಮಿಲಿಓಂ. ಗುಟುಕು 2 ಆಂಪಿಯರ್ ಇದ್ದರೂ ಆ ವಯರಿನ ಎರಡು ತುದಿಗಳ ನಡುವೆ 10 ಮಿಲಿವೋಲ್ಟ್ ವ್ಯತ್ಯಾಸ ಆಯಿತು. ನಿನ್ನ ಬೋರ್ಡುಗಳು ಅದನ್ನೇ ಹಾಡು ಅಂದುಕೊಂಡು 30 ಪಟ್ಟು ಹಿಗ್ಗಿಸುತ್ತವೆ. ಸ್ಪೀಕರಿನಲ್ಲಿ 0.3 ವೋಲ್ಟ್ ಜೊರ್ರ್.

ಪುಟ್ಟ: ಅರ್ಧ ಅಡಿ ವಯರಿಂದ ಇಷ್ಟೆಲ್ಲಾನಾ!

ನಾನು: ಹೌದು. ಅದಕ್ಕೇ ಆರು ಚಾನೆಲ್ ಕಟ್ಟುವಾಗ ಗ್ರೌಂಡ್ ಅಂದರೆ ಎಲ್ಲಾದರೂ ತಾಗಿಸಿದರಾಯಿತು ಅಂತ ಅಂದುಕೊಳ್ಳಬಾರದು. ಸೆಂಟರ್ ಟ್ಯಾಪ್ ನೇರ ಎರಡು ಕೆಪಾಸಿಟರುಗಳ ನಡುವಿಗೆ ಬರಲಿ. ಅಲ್ಲಿಂದ ದಪ್ಪ, ಗಿಡ್ಡ ವಯರು ಒಂದೇ ಜಾಗಕ್ಕೆ. ಆರು ಬೋರ್ಡು, ವಾಲ್ಯೂಮ್ ಬೋರ್ಡು, ಸ್ಪೀಕರುಗಳ ಮೈನಸ್ಸು, ಎಲ್ಲವೂ ಬೇರೆ ಬೇರೆ ವಯರಿನಲ್ಲಿ ಅದೇ ಜಾಗಕ್ಕೆ ಸೇರಲಿ. ಡಬ್ಬಕ್ಕೂ ಅಲ್ಲಿಂದಲೇ ಒಂದು ವಯರು. ಪ್ಲಗ್ಗಿನ ಹಸಿರು (ಅರ್ತ್) ವಯರಿಗೆ ಮಾತ್ರ ಡಬ್ಬದಲ್ಲಿ ಅದರದೇ ಬೋಲ್ಟ್, ಬಣ್ಣ ಕೆರೆದು ಬಿಗಿಯಾಗಿ ಹಾಕು. ಇನ್‌ಪುಟ್ ವಯರುಗಳನ್ನು ಒಟ್ಟಿಗೆ ಹೊಸೆದು ಟ್ರಾನ್ಸ್‌ಫಾರ್ಮರಿನಿಂದ ದೂರ ಒಯ್ಯು.

ಹಾಸನ ಭಾವ: ಇದೆಲ್ಲ ಒಳಗಿನ ಕಥೆ. ಟಿವಿ ಹಚ್ಚಿದರೆ ಗುಂಯ್ ಮತ್ತೆ ಬರುವುದಿಲ್ಲವೇ? ಆಗ ಪಿನ್ನೇ ಗತಿ.

ನಾನು: ಇಲ್ಲ ಭಾವ. ಸುತ್ತನ್ನು ಸಿಗ್ನಲ್ ಕಡೆ ಕಡಿಯಬೇಕು, ಕಾವಲಿನ ಕಡೆ ಅಲ್ಲ. ಪುಟ್ಟ, ನಿನ್ನ ಡಿಕೋಡರ್ ಬೋರ್ಡಿನಲ್ಲಿ (ಟಿವಿ ಸದ್ದನ್ನು ಆರು ಚಾನೆಲ್ಲಿಗೆ ಹಂಚುವುದು) ಆಪ್ಟಿಕಲ್ ಇನ್‌ಪುಟ್ ಇದೆಯಾ?

ಪುಟ್ಟ: ಇದೆ. ಟಿವಿಯಲ್ಲೂ ಔಟ್‌ಪುಟ್ ಇದೆ. ಉಪಯೋಗಿಸಿಲ್ಲ.

ನಾನು: ಮುಗಿಯಿತು. ಆ ಕೇಬಲಿನಲ್ಲಿ ಹೋಗುವುದು ಬೆಳಕು, ತಾಮ್ರವೇ ಇಲ್ಲ. ಸುತ್ತು ಅಲ್ಲೇ ಕಡಿದುಹೋಗುತ್ತದೆ. ಅದಿಲ್ಲದವರು ವಯರಿಗೆ ವಯರು ತಾಗಿಸದೆ ಸಿಗ್ನಲ್ ಮಾತ್ರ ದಾಟಿಸುವ ಆಡಿಯೋ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಹಾಕಬಹುದು.

(ಎರಡು ಗಂಟೆ ಬಿಟ್ಟು)

ಪುಟ್ಟ: ಅಣ್ಣಾ! ವಯರು ಬದಲಾಯಿಸಿದೆ. ಸ್ಪೀಕರಿಗೆ ಕಿವಿ ಇಟ್ಟರೂ ಜೊರ್ರ್ ಇಲ್ಲ, ಸಣ್ಣಗೆ ಸ್ಸ್ ಅಷ್ಟೇ. ನಾಳೆ ಆಪ್ಟಿಕಲ್ ಕೇಬಲ್ ತರುತ್ತೇನೆ.

ನಾನು: ಭಾರಿ ಖುಷಿಯಾಯಿತು ಪುಟ್ಟ. ಭಾವ, ನಿಮ್ಮ ಪ್ಲಗ್ಗಿನ ಫೋಟೋ ಹಾಕಿ.

ಹಾಸನ ಭಾವ: (ಫೋಟೋ) ಕಿತ್ತು ಎರಡು ವರ್ಷವಾಯಿತು. ಏನೂ ಆಗಿಲ್ಲ.

ನಾನು: ಮಗು ಅದೇ ಡಬ್ಬದ ಪಕ್ಕ ಕೂತು ಕಾರ್ಟೂನ್ ನೋಡುತ್ತದೆ ಭಾವ. ಈಗಲೇ ಸ್ವಿಚ್ ಆರಿಸಿ, ಪ್ಲಗ್ ಕಿತ್ತಿಡಿ. ಭಾನುವಾರ ಬೆಳಗ್ಗೆ ಬಸ್ಸಿಗೆ ಬರುತ್ತೇನೆ. ಹೊಸ ಪ್ಲಗ್ ನಾನೇ ತರುತ್ತೇನೆ.

ಹಾಸನ ಭಾವ: ಕಿತ್ತಿಟ್ಟೆ. ವಿಡಿಯೋನೂ ಅಳಿಸಿದೆ. ತಿಂಡಿಗೆ ಇಲ್ಲಿಗೇ ಬಾ.