ಅನುಭವ ಹಂಚಿಕೆ: ಲಿನಕ್ಸ್ ಪಿಸಿಯ ಶೇರ್ ಫೋಲ್ಡರ್ ಹೊಸ ವಿಂಡೋಸ್‌ನಲ್ಲಿ ತೆರೆಯುತ್ತಿಲ್ಲ

ಕೇಳಿದವರು, ಶಿವಮೊಗ್ಗ:

ನಮ್ಮದು ಸಣ್ಣ ಡಿಟಿಪಿ ಅಂಗಡಿ. ಮದುವೆ ಪತ್ರಿಕೆ, ಬಿಲ್ ಬುಕ್, ಫ್ಲೆಕ್ಸ್ ಡಿಸೈನ್ ಮಾಡುತ್ತೇವೆ. ಹಳೆಯ ಪಿಸಿಯೊಂದಕ್ಕೆ ಉಬುಂಟು ಹಾಕಿ, ಇನ್ನೊಂದು ಹಾರ್ಡ್ ಡಿಸ್ಕ್ ಕೂಡಿಸಿ, ಸಾಂಬಾದಲ್ಲಿ (ಲಿನಕ್ಸ್ ಫೋಲ್ಡರನ್ನು ವಿಂಡೋಸ್‌ಗೂ ಹಂಚುವ ಸಾಫ್ಟ್‌ವೇರ್) 'ಕೆಲಸ' ಅನ್ನುವ ಫೋಲ್ಡರ್ ಶೇರ್ ಮಾಡಿದ್ದೇವೆ. ಪಾಸ್‌ವರ್ಡ್ ಇಟ್ಟಿಲ್ಲ. ವಿಂಡೋಸ್ 10 ಪಿಸಿಯಲ್ಲಿ ಆರಾಮಾಗಿ ತೆರೆಯುತ್ತದೆ. ಹೊಸದಾಗಿ ತಂದ ವಿಂಡೋಸ್ 11 ಪ್ರೊದಲ್ಲಿ ಮಾತ್ರ 'ನಿಮ್ಮ ಸಂಸ್ಥೆಯ ಭದ್ರತಾ ನೀತಿ ಗೆಸ್ಟ್ (ಪಾಸ್‌ವರ್ಡ್ ಇಲ್ಲದ) ಪ್ರವೇಶ ತಡೆದಿದೆ' ಅನ್ನುವ ಅರ್ಥದ ಮೆಸೇಜ್ ಬರುತ್ತದೆ. ಸಂಸ್ಥೆ ಅಂದರೆ ನಾನು, ನನ್ನ ತಮ್ಮ, ಇನ್ನೊಬ್ಬ ಹುಡುಗ, ಅಷ್ಟೇ!

ಇನ್ನೂ ಎರಡು ತೊಂದರೆ ಇವೆ. ಕರೆಂಟ್ ಹೋಗಿ ಬಂದ ಮೇಲೆ ಲಿನಕ್ಸ್ ಮಿಂಟ್ ಲ್ಯಾಪ್‌ಟಾಪಿಗೆ ಶೇರ್ ಸಿಗುವುದಿಲ್ಲ. ಉಬುಂಟು ಪಿಸಿಯಲ್ಲೇ ಕೂತು ಸೇವ್ ಮಾಡಿದ ಫೈಲನ್ನು ಬೇರೆ ಪಿಸಿಯಿಂದ ತಿದ್ದಲು ಬರುವುದಿಲ್ಲ. ಎಲ್ಲಿ ಹುಡುಕಿದರೂ 'ಎಸ್‌ಎಂಬಿ1 ಆನ್ ಮಾಡಿ, ಫೋಲ್ಡರಿಗೆ 777 (ಎಲ್ಲರಿಗೂ ಎಲ್ಲ ಅನುಮತಿ) ಕೊಡಿ' ಅನ್ನುತ್ತಾರೆ. ಮಾಡಬಹುದಾ? ಬಳಸಿ ಗೊತ್ತಿರುವವರು ದಯವಿಟ್ಟು ಹೇಳಿ.

ಉತ್ತರ, ಬೆಂಗಳೂರು (ಆಫೀಸಿನಲ್ಲಿ ಸರ್ವರ್ ನೋಡಿಕೊಳ್ಳುವ ಕೆಲಸ):

ಎರಡೂ ಬೇಡ ಸರ್. ಎಸ್‌ಎಂಬಿ ಅಂದರೆ ವಿಂಡೋಸ್, ಸಾಂಬಾ ಎರಡೂ ಫೈಲ್ ಹಂಚಲು ಬಳಸುವ ವಿಧಾನ. ಎಸ್‌ಎಂಬಿ1 ಅದರ ಹಳೇ ಕಾಲದ ಆವೃತ್ತಿ. 2017ರ ಮೇನಲ್ಲಿ ಹರಡಿದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನಾಕ್ರೈ ವೈರಸ್ ನುಗ್ಗಿದ್ದು ಅದರಲ್ಲಿದ್ದ ತೂತಿನಿಂದಲೇ. 2019ರಲ್ಲಿ ಬಂದ ಸಾಂಬಾ 4.11ರಿಂದ ಈಚೆಗೆ ಸಾಂಬಾದವರೇ ಅದನ್ನು ಆಫ್ ಮಾಡಿ ಕೊಡುತ್ತಿದ್ದಾರೆ. ಅದೂ ಅಲ್ಲದೆ ನಿಮ್ಮ ತೊಂದರೆಗೂ ಅದಕ್ಕೂ ಸಂಬಂಧವೇ ಇಲ್ಲ.

ಒಳಗೆ ಆಗುತ್ತಿರುವುದು ಇಷ್ಟು. ಶೇರ್ ತೆರೆಯುವಾಗ ವಿಂಡೋಸ್ ಮೊದಲು ತನ್ನದೇ ಲಾಗಿನ್ ಹೆಸರು ಕಳಿಸುತ್ತದೆ. ಆ ಹೆಸರು ಸಾಂಬಾಗೆ ಗೊತ್ತಿಲ್ಲ. ಉಬುಂಟು ಜೊತೆ ಬರುವ ಎಸ್‌ಎಂಬಿ.ಕಾನ್ಫ್ (ಸಾಂಬಾದ ಸೆಟ್ಟಿಂಗ್) ಫೈಲಿನಲ್ಲಿ 'ಮ್ಯಾಪ್ ಟು ಗೆಸ್ಟ್ = ಬ್ಯಾಡ್ ಯೂಸರ್' ಎಂಬ ಸಾಲು ಇರುತ್ತದೆ. ಅಂದರೆ ಗೊತ್ತಿಲ್ಲದ ಹೆಸರು ಬಂದರೆ ತಕರಾರು ಮಾಡದೆ ಗೆಸ್ಟ್ ಅಂತ ಒಳಗೆ ಬಿಡು ಎಂದು. ವಿಂಡೋಸ್ 10 ಅದಕ್ಕೆ ಒಪ್ಪಿಕೊಂಡಿತು. ವಿಂಡೋಸ್ 11ರ 24ಎಚ್2 ಆವೃತ್ತಿಯ ಪ್ರೊ ಒಪ್ಪುವುದಿಲ್ಲ. ಅದು ಪ್ರತಿ ಪ್ಯಾಕೆಟ್ಟಿಗೂ (ನೆಟ್‌ವರ್ಕಿನಲ್ಲಿ ಹೋಗುವ ಡೇಟಾದ ತುಂಡು) ಡಿಜಿಟಲ್ ಸಹಿ ಕೇಳುತ್ತದೆ. ಸಹಿ ಹಾಕುವ ಕೀಲಿ ಹುಟ್ಟುವುದು ಪಾಸ್‌ವರ್ಡಿನಿಂದ. ಗೆಸ್ಟ್‌ಗೆ ಪಾಸ್‌ವರ್ಡೇ ಇಲ್ಲ, ಇನ್ನು ಸಹಿ ಎಲ್ಲಿಂದ ಬರಬೇಕು?

ವಿಂಡೋಸ್‌ನ ಪಾಲಿಸಿ ಬದಲಿಸಿ ಗೆಸ್ಟನ್ನು ಮತ್ತೆ ಬಿಡಿಸಿಕೊಳ್ಳಬಹುದು. ನಾನು ಅದನ್ನು ಹೇಳುವುದಿಲ್ಲ. ಒಬ್ಬೊಬ್ಬರಿಗೂ ಒಂದು ಹೆಸರು ಮಾಡಿಕೊಡುವುದು ಐದು ನಿಮಿಷದ ಕೆಲಸ. ಉಬುಂಟುವಿನಲ್ಲಿ ಯೂಸರ್ ಸೇರಿಸಿ. ಆಮೇಲೆ 'ಎಸ್‌ಎಂಬಿಪಾಸ್‌ಡಬ್ಲ್ಯುಡಿ' ಕಮಾಂಡಿಗೆ ಹೈಫನ್ ಎ ಮತ್ತು ಆ ಹೆಸರು ಕೊಟ್ಟು, ಸಾಂಬಾಗೆ ಬೇರೆಯದೇ ಪಾಸ್‌ವರ್ಡ್ ಇಡಿ. ತುಂಬಾ ಜನ ಎಡವುವುದು ಇಲ್ಲೇ. ಉಬುಂಟು ಲಾಗಿನ್ ಪಾಸ್‌ವರ್ಡನ್ನು ಸಾಂಬಾ ನೋಡುವುದಿಲ್ಲ, ಅದರ ಪಟ್ಟಿಯೇ ಬೇರೆ. ಆಮೇಲೆ ಎಸ್‌ಎಂಬಿ.ಕಾನ್ಫ್ ಫೈಲಿನ ನಿಮ್ಮ ಶೇರ್ ಭಾಗದಲ್ಲಿ ಗೆಸ್ಟ್ ಸಾಲು ತೆಗೆದು, ಯಾರನ್ನು ಒಳಗೆ ಬಿಡಬೇಕೆಂದು ಹೇಳುವ 'ವ್ಯಾಲಿಡ್ ಯೂಸರ್ಸ್' ಸಾಲು ಹಾಕಿ. 'ಟೆಸ್ಟ್‌ಪಾರ್ಮ್' ಓಡಿಸಿದರೆ ಕಾಗುಣಿತದ ತಪ್ಪುಗಳು ಸಿಗುತ್ತವೆ. ಕೊನೆಗೆ ಎಸ್‌ಎಂಬಿಡಿ (ಸಾಂಬಾ) ಸರ್ವಿಸ್ ರೀಸ್ಟಾರ್ಟ್ ಮಾಡಿ.

ವಿಂಡೋಸ್ 10 ಪಿಸಿ ಆಮೇಲೆ ಮುನಿಸಿಕೊಂಡರೆ ಹೆದರಬೇಡಿ. ಒಂದೇ ಸರ್ವರ್‌ಗೆ ಎರಡು ಹೆಸರಿನಲ್ಲಿ ಒಟ್ಟಿಗೆ ಹೋಗಲು ವಿಂಡೋಸ್ ಬಿಡುವುದಿಲ್ಲ. ಹಳೇ ಗೆಸ್ಟ್ ಸಂಪರ್ಕ ಇನ್ನೂ ಜೀವಂತ ಇರುತ್ತದೆ. ಲಾಗ್‌ಔಟ್ ಮಾಡಿ ಬಂದರೆ ಸಾಕು.

ಮುಂದೆ ಏನೇ ಕೆಟ್ಟರೂ ಕಾನ್ಫಿಗ್ ಫೈಲಿಗೆ ಕೈ ಹಾಕುವ ಮೊದಲು, ಎಲ್ಲಿ ನಿಂತಿದೆ ಎಂದು ಹುಡುಕಿ. ಮೊದಲು ಉಬುಂಟು ಪಿಸಿಯ ಮೇಲೆಯೇ 'ಎಸ್‌ಎಂಬಿಕ್ಲೈಂಟ್' ಕಮಾಂಡಿನಿಂದ ತನ್ನದೇ ಶೇರ್ ತೆರೆಯುತ್ತದಾ ನೋಡಿ. ಅಲ್ಲಿ ತೆರೆಯದಿದ್ದರೆ ತಪ್ಪು ಪಾಸ್‌ವರ್ಡ್, ಕಾನ್ಫಿಗ್ ಅಥವಾ ಫೋಲ್ಡರ್ ಅನುಮತಿಯಲ್ಲಿದೆ. ನೆಟ್‌ವರ್ಕನ್ನು ಬಯ್ಯಬೇಡಿ. ಅಲ್ಲಿ ತೆರೆದು ಮಿಂಟ್‌ನಿಂದ ತೆರೆಯದಿದ್ದರೆ ಫೈರ್‌ವಾಲ್ ನೋಡಿ, ಸಾಂಬಾ ಬಳಸುವ ಪೋರ್ಟ್ 445 ಬಿಟ್ಟಿದೆಯಾ ಎಂದು. ಮಿಂಟ್‌ನಿಂದಲೂ ತೆರೆದರೆ ಉಳಿದಿದ್ದು ವಿಂಡೋಸ್‌ನ ಹಟ. ಈ ಕ್ರಮ ಬಿಟ್ಟು ಸುಮ್ನೆ ಅಲ್ಲೊಂದು ಸಾಲು ಇಲ್ಲೊಂದು ಸಾಲು ಬದಲಿಸುತ್ತಾ ಹೋದರೆ, ಕೊನೆಗೆ ಯಾವುದರಿಂದ ಸರಿಯಾಯಿತು ಎಂದೂ ಗೊತ್ತಾಗುವುದಿಲ್ಲ.

ಉತ್ತರ, ಧಾರವಾಡ:

ಕರೆಂಟಿನ ವಿಷಯಕ್ಕೆ ಬರುತ್ತೇನೆ. ರೂಟರ್ ಆಫ್ ಆಗಿ ಆನ್ ಆದಾಗ ಸರ್ವರ್‌ಗೆ ಬೇರೆ ಐಪಿ (ನೆಟ್‌ವರ್ಕ್ ವಿಳಾಸದ ನಂಬರ್) ಕೊಟ್ಟಿರುತ್ತದೆ, ನಿಮ್ಮ ಲ್ಯಾಪ್‌ಟಾಪ್ ಹಳೇ ನಂಬರ್‌ನಲ್ಲೇ ಹುಡುಕುತ್ತಿರುತ್ತದೆ. ರೂಟರ್‌ನ ಪುಟದಲ್ಲಿ ಅಡ್ರೆಸ್ ರಿಸರ್ವೇಶನ್ ಅಂತ ಇರುತ್ತದೆ. ಅಲ್ಲಿ ಆ ಪಿಸಿಗೆ ಒಂದೇ ಐಪಿ ಕಟ್ಟಿಬಿಡಿ. ಅಥವಾ ಐಪಿ ಬದಲು ಪಿಸಿಯ ಹೆಸರಿಗೆ '.ಲೋಕಲ್' ಸೇರಿಸಿ ಕರೆಯಿರಿ. ಬಯಾಸ್‌ನಲ್ಲಿ, ಕರೆಂಟ್ ಬಂದ ತಕ್ಷಣ ಪಿಸಿ ತಾನಾಗಿ ಆನ್ ಆಗುವ ಆಯ್ಕೆಯೂ ಇರುತ್ತದೆ. ಅದನ್ನೂ ಹಾಕಿಡಿ. ಒಂದು ಯುಪಿಎಸ್ ಇರಲಿ. ಬರೆಯುತ್ತಿರುವಾಗ ಕರೆಂಟ್ ಹೋದರೆ ಡಿಸ್ಕಿಗೆ ಒಳ್ಳೆಯದಲ್ಲ.

ಲ್ಯಾಪ್‌ಟಾಪಿನ ಎಫ್‌ಎಸ್‌ಟ್ಯಾಬ್‌ನಲ್ಲಿ (ಬೂಟ್ ಆಗುವಾಗ ಯಾವ ಡಿಸ್ಕ್, ಶೇರ್ ಜೋಡಿಸಬೇಕು ಎಂಬ ಪಟ್ಟಿಯ ಫೈಲ್) ಶೇರ್ ಬರೆದಿಟ್ಟಿದ್ದೀರಾ? ಹಾಗಿದ್ದರೆ 'ನೋಫೇಲ್' ಮತ್ತು 'ಎಕ್ಸ್-ಸಿಸ್ಟಮ್‌ಡಿ.ಆಟೋಮೌಂಟ್' ಎರಡನ್ನೂ ಸೇರಿಸಿ. ಇಲ್ಲದಿದ್ದರೆ ಸರ್ವರ್ ಆಫ್ ಇದ್ದ ದಿನ ಲ್ಯಾಪ್‌ಟಾಪ್ ಬೂಟ್ ಆಗುವಾಗ ಒಂದೂವರೆ ನಿಮಿಷ ಸುಮ್ಮನೆ ಕಾಯುತ್ತಾ ನಿಲ್ಲಬಹುದು.

ಉತ್ತರ, ಮೈಸೂರು (ಕಾಲೇಜು ಲ್ಯಾಬ್):

ಸಾಂಬಾ ಯಾಕೆ ಇಷ್ಟೊಂದು ಒದ್ದಾಟ, ಎನ್‌ಎಫ್‌ಎಸ್ (ಲಿನಕ್ಸ್ ಪಿಸಿಗಳ ನಡುವೆ ಫೈಲ್ ಹಂಚುವ ಇನ್ನೊಂದು ವಿಧಾನ) ಹಾಕಿ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ನಮ್ಮ ಲ್ಯಾಬಿನಲ್ಲಿ ಎಲ್ಲವೂ ಲಿನಕ್ಸ್, ನಾವು ಎನ್‌ಎಫ್‌ಎಸ್ ಬಳಸುತ್ತೇವೆ, ಚೆನ್ನಾಗಿದೆ. ಸನ್ ಕಂಪನಿ 1984ರಲ್ಲಿ ತಂದಿದ್ದು ಇವತ್ತಿಗೂ ಓಡುತ್ತಿದೆ. ಆದರೂ ನಿಮಗೆ ಬೇಡ ಅಂತಲೇ ಹೇಳುತ್ತೇನೆ.

ಯಾಕಂದ್ರೆ ಎನ್‌ಎಫ್‌ಎಸ್ ಸಾಮಾನ್ಯ ಸೆಟಪ್‌ನಲ್ಲಿ ಪಾಸ್‌ವರ್ಡ್ ಕೇಳುವುದಿಲ್ಲ, ಹೆಸರನ್ನೂ ನೋಡುವುದಿಲ್ಲ. ಯೂಸರ್ ನಂಬರ್ ನೋಡುತ್ತದೆ. ಉಬುಂಟುವಿನಲ್ಲಿ ಮೊದಲ ಯೂಸರ್‌ಗೆ 1000, ಮುಂದಿನವರಿಗೆ 1001. ನಿಮ್ಮ ಲ್ಯಾಪ್‌ಟಾಪಿನಲ್ಲಿ ನಿಮ್ಮ ತಮ್ಮ 1000 ಆಗಿದ್ದು, ಸರ್ವರ್‌ನಲ್ಲಿ ನೀವು 1000 ಆಗಿದ್ದರೆ, ಅವರು ಸೇವ್ ಮಾಡಿದ್ದೆಲ್ಲ ನಿಮ್ಮ ಹೆಸರಿಗೆ ಬೀಳುತ್ತದೆ. ಎಲ್ಲ ಕಡೆ ನಂಬರ್ ಹೊಂದಿಸಿ ಇಡಬೇಕು. ಸರ್ವರ್ ಸತ್ತರೆ ಇನ್ನೊಂದು ಮಜಾ: ಫೋಲ್ಡರ್ ತೆರೆದವರ ಕಿಟಕಿ ಹಾಗೇ ಅಂಟಿಕೊಳ್ಳುತ್ತದೆ, 'ಡಿಎಫ್' (ಡಿಸ್ಕಿನ ಖಾಲಿ ಜಾಗ ತೋರಿಸುವ ಕಮಾಂಡ್) ಹೊಡೆದರೆ ಅದೂ ನಿಂತುಬಿಡುತ್ತದೆ. ಸರ್ವರ್ ವಾಪಸ್ ಬಂದ ಮೇಲೆ ಬಿಟ್ಟ ಜಾಗದಿಂದಲೇ ಮುಂದುವರಿಯುತ್ತದೆ ಅನ್ನುವುದು ಅದರ ಒಳ್ಳೇ ಗುಣ. 'ಸಾಫ್ಟ್' ಆಯ್ಕೆ ಕೊಟ್ಟರೆ ಅಂಟಿಕೊಳ್ಳುವುದಿಲ್ಲ, ಆದರೆ ಅರ್ಧ ಬರೆದ ಫೈಲ್ ಕೆಡುವ ಅಪಾಯ ಇದೆ.

ಲಿನಕ್ಸ್ ಮಾತ್ರ ಇರುವ ಬೇರೆಯವರು ಇದನ್ನು ಓದುತ್ತಿದ್ದರೆ ಒಂದು ಎಚ್ಚರಿಕೆ. ಎನ್‌ಎಫ್‌ಎಸ್‌ನಲ್ಲಿ ಯಾವ ಫೋಲ್ಡರ್ ಯಾರಿಗೆ ಎಂದು ಬರೆಯುವ ಎಕ್ಸ್‌ಪೋರ್ಟ್ಸ್ ಫೈಲಿನಲ್ಲಿ ಐಪಿ ಬರೆದ ಮೇಲೆ ಆವರಣ ಚಿಹ್ನೆಗೆ ಮೊದಲು ಜಾಗ ಬಿಡಬೇಡಿ. ಒಂದು ಸ್ಪೇಸ್ ಬಿದ್ದರೆ ಅರ್ಥವೇ ಬೇರೆ. ಆವರಣದೊಳಗಿನ ಬರೆಯುವ ಅನುಮತಿ ನೀವು ಹೇಳಿದ ಪಿಸಿಗೆ ಸಿಗುವ ಬದಲು, ಆ ಸರ್ವರ್ ಮುಟ್ಟಬಲ್ಲ ಎಲ್ಲರಿಗೂ ಸಿಗುತ್ತದೆ. ಬದಲಿಸಿದ ಮೇಲೆ 'ಎಕ್ಸ್‌ಪೋರ್ಟ್‌ಎಫ್‌ಎಸ್' ಓಡಿಸುವುದು ಮರೆಯಬೇಡಿ.

ಈಗ ನಿಮ್ಮ ಫೈಲ್ ತಿದ್ದುವ ತೊಂದರೆ. 777 ಕೊಟ್ಟರೆ ಇವತ್ತಿರುವ ಫೈಲುಗಳು ಸರಿಹೋಗುತ್ತವೆ, ನಾಳೆ ಹುಟ್ಟುವ ಫೈಲ್ ಮತ್ತೆ ಹಳೇ ಅನುಮತಿಯಲ್ಲೇ ಹುಟ್ಟುತ್ತದೆ. ಮೂವರನ್ನೂ ಒಂದು ಗ್ರೂಪಿಗೆ ಸೇರಿಸಿ. ಫೋಲ್ಡರನ್ನು, ಒಳಗಿನ ಫೋಲ್ಡರುಗಳನ್ನೂ ಸೇರಿಸಿ, ಆ ಗ್ರೂಪಿಗೆ ಕೊಟ್ಟು, ಫೋಲ್ಡರುಗಳಿಗೆ 2775 ಕೊಡಿ. ಮುಂದಿರುವ 2 ಇದೆಯಲ್ಲ, ಅದರಿಂದ ಒಳಗೆ ಹುಟ್ಟುವ ಎಲ್ಲವೂ ಅದೇ ಗ್ರೂಪಿಗೆ ಸೇರುತ್ತದೆ. ಸಾಂಬಾದಲ್ಲಿ 'ಫೋರ್ಸ್ ಗ್ರೂಪ್', 'ಕ್ರಿಯೇಟ್ ಮಾಸ್ಕ್ = 0664', 'ಡೈರೆಕ್ಟರಿ ಮಾಸ್ಕ್ = 2775' ಸಾಲುಗಳನ್ನು ಹಾಕಿ.

ಉತ್ತರ, ದಾವಣಗೆರೆ (ನಮ್ಮದೂ ಡಿಟಿಪಿಯೇ):

ಮೇಲಿನವರೆಲ್ಲ ಹೇಳಿದ್ದು ಸರಿ. ನಮ್ಮ ಕಸುಬಿಗೇ ಬರುವ ಕೆಲವು ತೊಂದರೆ ಇವೆ, ಅವನ್ನು ಹೇಳುತ್ತೇನೆ.

ಫೈಲಿಗೆ ಕನ್ನಡದಲ್ಲಿ ಉದ್ದುದ್ದ ಹೆಸರು ಇಡುತ್ತೀರಾ? ವಿಂಡೋಸ್‌ನಲ್ಲಿ ಡೆಸ್ಕ್‌ಟಾಪಿಗೆ ಸೇವ್ ಆಗುವ ಫೈಲ್ ಶೇರ್‌ಗೆ ಹಾಕಿದರೆ 'ಹೆಸರು ಉದ್ದವಾಯಿತು' ಅಂತ ತಳ್ಳಿಬಿಡಬಹುದು. ಕಾರಣ, ಲಿನಕ್ಸ್‌ನ ಇಎಕ್ಸ್‌ಟಿ4 ಡಿಸ್ಕ್ ಫಾರ್ಮ್ಯಾಟಿನಲ್ಲಿ ಹೆಸರಿನ ಮಿತಿ 255 ಬೈಟ್. ಇಂಗ್ಲಿಷಿನ ಅಕ್ಷರಕ್ಕೆ ಒಂದು ಬೈಟ್ ಸಾಕು. ಯೂನಿಕೋಡ್ ಕನ್ನಡಕ್ಕೆ ಮೂರು ಬೇಕು, ಅದೂ ಒತ್ತಿಗೆ ಬೇರೆ, ಗುಣಿತಕ್ಕೆ ಬೇರೆ. 'ಲಕ್ಷ್ಮೀ' ಅಂತ ಬರೆದರೆ ಕಣ್ಣಿಗೆ ಎರಡೇ ಅಕ್ಷರ, ಡಿಸ್ಕಿನಲ್ಲಿ 21 ಬೈಟ್. ವಧು, ವರ, ಎರಡೂ ಕಡೆಯ ಮನೆತನ, ಊರು, ಕಲ್ಯಾಣ ಮಂಟಪ ಎಲ್ಲ ಸೇರಿಸಿ ಹೆಸರಿಟ್ಟರೆ ಮುಗಿಯಿತು. ನಾವು ಈಗ ತಾರೀಖಿನ ಫೋಲ್ಡರ್ ಮಾಡಿ, ಒಳಗೆ ಚಿಕ್ಕ ಹೆಸರು ಇಡುತ್ತೇವೆ. ಹೆಸರಿನಲ್ಲಿ ಪ್ರಶ್ನಾರ್ಥಕ ಚಿಹ್ನೆ, ಕೋಲನ್ ಬೇಡ. ಲಿನಕ್ಸ್ ಒಪ್ಪುತ್ತದೆ, ವಿಂಡೋಸ್‌ಗೆ ಹೋದಾಗ ಹೆಸರು ಏನೇನೋ ಆಗಿ ಕಾಣುತ್ತದೆ.

ಎರಡನೆಯದು, ಶೇರ್‌ನಲ್ಲಿ ಡಿಲೀಟ್ ಮಾಡಿದ್ದು ರಿಸೈಕಲ್ ಬಿನ್‌ಗೆ ಹೋಗುವುದಿಲ್ಲ. ಹೋಯಿತು ಅಂದರೆ ಹೋಯಿತು. ಶೇರ್‌ನ ಸಾಲುಗಳಲ್ಲಿ 'ವಿಎಫ್‌ಎಸ್ ಆಬ್ಜೆಕ್ಟ್ಸ್ = ರಿಸೈಕಲ್' ಸೇರಿಸಿದರೆ ಅಳಿಸಿದ್ದು ಒಂದು ಮರೆಯ ಫೋಲ್ಡರಿಗೆ ಹೋಗಿ ಕೂರುತ್ತದೆ. ಅದನ್ನು ಆಗಾಗ ಖಾಲಿ ಮಾಡಬೇಕು, ಇಲ್ಲದಿದ್ದರೆ ಡಿಸ್ಕ್ ತುಂಬುತ್ತದೆ. ನನ್ನ ಮಟ್ಟಿಗೆ ಸಾಂಬಾದ ಅತಿ ಉಪಯೋಗದ ಸಾಲು ಇದೇ. ಆದರೆ ಇದನ್ನೇ ಬ್ಯಾಕಪ್ ಅಂದುಕೊಳ್ಳಬೇಡಿ.

ಮಿಂಟ್ ಲ್ಯಾಪ್‌ಟಾಪಿನಲ್ಲಿ ಇಂಕ್‌ಸ್ಕೇಪ್, ಸ್ಕ್ರೈಬಸ್ ಬಳಸುವುದಾದರೆ ಫೈಲ್ ಮ್ಯಾನೇಜರ್ ಮೂಲಕ ಶೇರ್ ತೆರೆಯುವುದಕ್ಕಿಂತ ಸಿಐಎಫ್‌ಎಸ್ ಮೌಂಟ್ ಮಾಡಿಕೊಳ್ಳುವುದು (ಶೇರನ್ನು ಲ್ಯಾಪ್‌ಟಾಪಿನ ಒಂದು ಖಾಯಂ ಫೋಲ್ಡರಿಗೆ ಜೋಡಿಸುವುದು) ವಾಸಿ. ಹಾಗೆ ಮಾಡಿದರೆ ಪೇಜಿಗೆ ಲಿಂಕ್ ಮಾಡಿದ ಚಿತ್ರಗಳ ದಾರಿ ಪ್ರತಿ ಸಲ ಒಂದೇ ಇರುತ್ತದೆ.

ಕೇಳಿದವರು, ಶಿವಮೊಗ್ಗ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಹೆಸರು, ಪಾಸ್‌ವರ್ಡ್ ಮಾಡಿಕೊಟ್ಟ ಮೇಲೆ ವಿಂಡೋಸ್ 11 ತೆರೆಯಿತು. ಐಪಿ ಕಟ್ಟಿದ್ದೇನೆ. 2775ರಿಂದ ತಿದ್ದುವ ತೊಂದರೆಯೂ ಹೋಯಿತು. ಈಗ ಹೊಸದೊಂದು ಶುರುವಾಗಿದೆ. ಹಳೇ ಕೆಲಸಗಳಿರುವ ಯುಎಸ್‌ಬಿ ಡಿಸ್ಕನ್ನು ಉಬುಂಟುವಿಗೆ ಚುಚ್ಚಿ ಅದನ್ನೂ ಶೇರ್ ಮಾಡಿದೆ. ನನ್ನ ಹೆಸರಿನಲ್ಲಿ ತೆರೆಯುತ್ತದೆ, ತಮ್ಮನ ಹೆಸರಿನಲ್ಲಿ ಇಲ್ಲ. ಮತ್ತೆ ಫ್ಲೆಕ್ಸ್ ಫೈಲ್ ಕಾಪಿ ಮಾಡಲು ತುಂಬಾ ಹೊತ್ತು. ಮಿಂಟ್‌ನಲ್ಲಿ ಎಫ್‌ಎಸ್‌ಟ್ಯಾಬ್ ಬರೆದೆ, 'ಬ್ಯಾಡ್ ಸೂಪರ್‌ಬ್ಲಾಕ್' ಅನ್ನುತ್ತಿದೆ. ಡಿಸ್ಕೇ ಕೆಟ್ಟಿತಾ?

ಉತ್ತರ, ಬೆಂಗಳೂರು:

ಡಿಸ್ಕ್ ಕೆಟ್ಟಿಲ್ಲ. ಆ ಮೆಸೇಜ್ ಓದಿದರೆ ಎದೆ ಧಸಕ್ ಅನ್ನುತ್ತದೆ, ನಿಜ. ಲ್ಯಾಪ್‌ಟಾಪಿನಲ್ಲಿ 'ಸಿಐಎಫ್‌ಎಸ್-ಯುಟಿಲ್ಸ್' ಪ್ಯಾಕೇಜ್ ಇಲ್ಲದಿದ್ದರೂ ಅದೇ ಬರುತ್ತದೆ. ಹಾಕಿ ನೋಡಿ. ಆಮೇಲೆ ಎರರ್ 13 ಬಂದರೆ ಹೆಸರು, ಪಾಸ್‌ವರ್ಡ್ ಅಥವಾ ಅನುಮತಿ. ಎರರ್ 2 ಬಂದರೆ ಸಾಮಾನ್ಯವಾಗಿ ಶೇರ್ ಹೆಸರು ತಪ್ಪು. 112 ಬಂದು 'ಹೋಸ್ಟ್ ಡೌನ್' ಅಂದರೆ, ಪಿಸಿ ಆನ್ ಇದ್ದರೂ, ಎಸ್‌ಎಂಬಿ ಆವೃತ್ತಿ ಹೊಂದುತ್ತಿಲ್ಲ ಅಂತ ಇರಬಹುದು. ಮೌಂಟ್ ಆದ ಮೇಲೆ ಬರೆಯಲು ಬಿಡದಿದ್ದರೆ 'ಯುಐಡಿ' ಆಯ್ಕೆಯಲ್ಲಿ ಲ್ಯಾಪ್‌ಟಾಪ್ ಯೂಸರ್ ಹೆಸರು ಕೊಡಿ, ಇಲ್ಲದಿದ್ದರೆ ಎಲ್ಲವೂ ರೂಟ್ (ಅಡ್ಮಿನ್) ಹೆಸರಿನಲ್ಲಿ ಕೂರುತ್ತದೆ. ಪಾಸ್‌ವರ್ಡನ್ನು ಎಫ್‌ಎಸ್‌ಟ್ಯಾಬ್‌ನಲ್ಲೇ ಬರೆಯಬೇಡಿ. ಬೇರೆ ಕ್ರೆಡೆನ್ಶಿಯಲ್ಸ್ ಫೈಲಿನಲ್ಲಿ ಇಟ್ಟು, ಒಡೆಯನಿಗೆ ಮಾತ್ರ ಓದಲು ಬರುವ ಹಾಗೆ ಅದಕ್ಕೆ 600 ಕೊಡಿ.

ಉತ್ತರ, ಮೈಸೂರು:

ಯುಎಸ್‌ಬಿ ಡಿಸ್ಕ್ ಚುಚ್ಚಿದಾಗ ಅದು 'ಮೀಡಿಯಾ' ಡೈರೆಕ್ಟರಿಯಲ್ಲಿ ನಿಮ್ಮ ಹೆಸರಿನ ಫೋಲ್ಡರ್ ಒಳಗೆ ಬರುತ್ತದೆ. ಆ ಮೇಲಿನ ಫೋಲ್ಡರಿಗೆ ಬೇರೆಯವರಿಗೆ ಪ್ರವೇಶ ಇಲ್ಲ. ಒಳಗಿನ ಫೋಲ್ಡರಿಗೆ ಎಷ್ಟು ಅನುಮತಿ ಕೊಟ್ಟರೂ, ಒಳಕೋಣೆ ತೆರೆದಿಟ್ಟು ತಲೆಬಾಗಿಲು ಹಾಕಿಕೊಂಡ ಹಾಗೆ. ಉಬುಂಟು 21.04ರಿಂದ ಹೋಮ್ ಫೋಲ್ಡರ್ ಕೂಡ 750ರಲ್ಲಿ (ಹೊರಗಿನವರಿಗೆ ಪ್ರವೇಶ ಇಲ್ಲದಂತೆ) ಹುಟ್ಟುತ್ತದೆ, ಅದರೊಳಗಿನದನ್ನು ಶೇರ್ ಮಾಡಿದವರಿಗೂ ಇದೇ ಗತಿ. ಡಿಸ್ಕನ್ನು ಎಫ್‌ಎಸ್‌ಟ್ಯಾಬ್ ಮೂಲಕ 'ಎಸ್‌ಆರ್‌ವಿ' ಡೈರೆಕ್ಟರಿಯೊಳಗೆ ಮೌಂಟ್ ಮಾಡಿ. ಅದು ಎನ್‌ಟಿಎಫ್‌ಎಸ್ (ವಿಂಡೋಸ್ ಫಾರ್ಮ್ಯಾಟಿನ) ಡಿಸ್ಕ್ ಆಗಿದ್ದರೆ ಗ್ರೂಪ್ ಮತ್ತು ಅನುಮತಿಯನ್ನು ಮೌಂಟ್ ಆಯ್ಕೆಯಲ್ಲೇ ಕೊಟ್ಟುಬಿಡಿ. ಫೆಡೋರಾ ಬಳಸುವವರು ಇದೆಲ್ಲ ಸರಿ ಇದ್ದೂ ತೆರೆಯದಿದ್ದರೆ ಎಸ್‌ಇಲಿನಕ್ಸ್ (ಅದರಲ್ಲಿರುವ ಹೆಚ್ಚುವರಿ ಭದ್ರತಾ ಪದರ) ಲೇಬಲ್ ನೋಡಿಕೊಳ್ಳಿ.

ಉತ್ತರ, ಧಾರವಾಡ:

ಕಾಪಿ ಸೆಕೆಂಡಿಗೆ 11 ಎಂಬಿ ಆಸುಪಾಸಿನಲ್ಲೇ ನಿಂತಿದೆಯಾ? ಹಾಗಿದ್ದರೆ ಸಾಂಬಾದ ತಪ್ಪಲ್ಲ, ಲೈನ್ 100 ಎಂಬಿಪಿಎಸ್‌ನಲ್ಲಿ ಓಡುತ್ತಿದೆ. ಗಿಗಾಬಿಟ್ ಆದರೆ 110ರ ಹತ್ತಿರ ಬರಬೇಕು. 'ಈಥ್‌ಟೂಲ್' ಓಡಿಸಿದರೆ ಸ್ಪೀಡ್ ತೋರಿಸುತ್ತದೆ. ಗಿಗಾಬಿಟ್‌ಗೆ ಕೇಬಲ್‌ನ ಎಂಟೂ ತಂತಿ ಬೇಕು. ನಾಲ್ಕೇ ತಂತಿ ಕೂತಿದ್ದರೆ ಅಥವಾ ಸ್ವಿಚ್ ಹಳೆಯದಾದರೆ 100ರಲ್ಲೇ ನಿಲ್ಲುತ್ತದೆ. ಯುಎಸ್‌ಬಿ ಡಿಸ್ಕನ್ನು ಹಳೇ 2.0 ಪೋರ್ಟಿಗೆ ಚುಚ್ಚಿದ್ದರೆ ಅದೂ ಒಂದು ತಡೆ. ವೈಫೈ ಮೇಲೆ ಅಳೆಯಬೇಡಿ, ಗೊಂದಲ ಜಾಸ್ತಿ ಆಗುತ್ತದೆ.

ಕೇಳಿದವರು, ಶಿವಮೊಗ್ಗ:

ಸರಿಯಾಗಿ 11ರಲ್ಲೇ ನಿಂತಿತ್ತು! ಕೇಬಲ್ ಬದಲಿಸಿದೆ, ಈಗ ಬೇಗ ಆಗುತ್ತಿದೆ. ಮೌಂಟ್ ಕೂಡ ಆಯಿತು. ಕೊನೆಯದೊಂದು ಕೇಳುತ್ತೇನೆ: ಕರೆಂಟ್ ಹೋಗಿ ಬಂದ ಮೇಲೆ ಲಿಬ್ರೆ ಆಫೀಸ್ ಫೈಲ್ 'ಬೇರೆಯವರು ತೆರೆದಿದ್ದಾರೆ' ಅನ್ನುತ್ತದೆ. ಯಾರೂ ತೆರೆದಿಲ್ಲ.

ಉತ್ತರ, ದಾವಣಗೆರೆ:

ಅದು ಉಳಿದುಹೋದ ಲಾಕ್ ಫೈಲ್. ಚುಕ್ಕಿಯಿಂದ ಶುರುವಾಗುವ ಹೆಸರು, ಅದಕ್ಕೇ ಕಾಣುವುದಿಲ್ಲ. ಮಿಂಟ್‌ನಲ್ಲಿ ಆ ಫೋಲ್ಡರ್ ತೆರೆದು ಕಂಟ್ರೋಲ್ ಎಚ್ ಒತ್ತಿದರೆ ಕಾಣಿಸುತ್ತದೆ, ಹೆಸರಿನಲ್ಲಿ 'ಲಾಕ್' ಅಂತ ಇರುತ್ತದೆ. ಅಳಿಸಬಹುದು. ಆದರೆ ಮೊದಲು ಸರ್ವರ್‌ನಲ್ಲಿ 'ಎಸ್‌ಎಂಬಿಸ್ಟೇಟಸ್' ಓಡಿಸಿ ಆ ಫೈಲ್ ಯಾರ ಹೆಸರಿನಲ್ಲೂ ತೆರೆದಿಲ್ಲ ಎಂದು ನೋಡಿಕೊಳ್ಳಿ. ಸರ್ವರ್ ಮುಂದೆಯೇ ಕೂತು ತೆರೆದಿದ್ದರೆ ಅದು ಆ ಪಟ್ಟಿಯಲ್ಲಿ ಬರುವುದಿಲ್ಲ. ಅಲ್ಲಿ ಕೂತಿರುವ ಹುಡುಗನನ್ನೂ ಒಂದು ಮಾತು ಕೇಳಿ.